ರಸ್ತೆಯತ್ತ ಸರಿದ ಬೇಲಿಗಳು

ತೆಂಗು, ರಾಗಿ, ನೀರಿದ್ದ ಕಡೆ ಅಡಿಕೆ. ತುಮಕೂರು ಜಿಲ್ಲೆ ಮುಗಿದು ಹಾಸನ ಶುರುವಾಗುವ ಕಡೆಯ ಒಂದು ಊರು. ಹೆಸರು ಹಾಕುವುದಿಲ್ಲ. ಇಲ್ಲಿ ಕಂಡದ್ದೆಲ್ಲ ಪಕ್ಕದೂರಿನಲ್ಲೂ ಕಾಣುತ್ತದೆ. ಹೆಸರು ಹಾಕಿದರೆ ಈ ಊರಿನವರೇ ಏನೋ ಹೆಚ್ಚು ಮಾಡಿದ್ದಾರೆ ಎಂದಾಗುತ್ತದೆ. ಬೇಲಿ ನೋಡಲು ಬಂದಿದ್ದೇನೆ ಎಂದಾಗ ಬಸ್ಸು ನಿಲ್ಲುವ ಕಡೆಯ ಅಂಗಡಿಯವರು ನನ್ನ ಚೀಲವನ್ನೊಮ್ಮೆ ನೋಡಿ, "ಸರ್ವೆಯವರಾ?" ಎಂದರು. ಅಲ್ಲ ಎಂದ ಮೇಲೆಯೇ ಟೀ ಬಂತು.

ಅಂಗಡಿಯ ಎದುರಿನಿಂದಲೇ ನಡೆಯಲು ಶುರು ಮಾಡಿದೆ. ಜಿಲ್ಲಾ ರಸ್ತೆ ಉತ್ತರ ದಕ್ಷಿಣವಾಗಿ ಹೋಗುತ್ತದೆ. ಡಾಂಬರು ಮುಗಿದ ಮೇಲೆ ಒಂದು ಮಾರು ಮಣ್ಣು, ಕೂಡಲೇ ಕಲ್ಲುಕಂಬ, ಕಂಬಕ್ಕೆ ನಾಲ್ಕೆಳೆ ಮುಳ್ಳುತಂತಿ. ಚರಂಡಿ ಎಲ್ಲಿ ಎಂದು ಹುಡುಕಿದೆ. ಬೇಲಿಯ ಒಳಗಿತ್ತು, ಅದರ ತುಂಬ ಸೀಮೆಹುಲ್ಲು. ಸ್ವಲ್ಪ ಮುಂದೆ ರಸ್ತೆಯಡಿ ನೀರು ಹಾಯುವ ಮೋರಿ. ಅದರ ಈಚಿನ ಬಾಯಿ ರಸ್ತೆಯಂಚಿನಲ್ಲಿದೆ, ಆಚಿನದು ತಂತಿಯೊಳಗೆ ಬಾಳೆಯ ಬುಡದಲ್ಲಿದೆ. ಅದಕ್ಕೂ ಮುಂದೆ ಕಿಲೋಮೀಟರು ಕಲ್ಲು ಸಿಕ್ಕಿತು. ಅದೂ ಬೇಲಿಯೊಳಗೆ. ಕುಂಬಳದ ಬಳ್ಳಿ ಹಬ್ಬಿ ಊರಿನ ಹೆಸರು ಮುಚ್ಚಿದೆ, ಅಂಕಿ ಮಾತ್ರ ಇಣುಕುತ್ತದೆ.

ಮೋರಿ ಕಟ್ಟಿದವರು ತೋಟದೊಳಗೆ ನುಗ್ಗಿ ಕಟ್ಟಿರಲಾರರು. ಆದರೂ ಇಷ್ಟಕ್ಕೇ ಒತ್ತುವರಿ ಎಂದು ಹೇಳಿಬಿಡಲು ನನಗೆ ಧೈರ್ಯವಿಲ್ಲ. ತಿರುವು ನೇರ ಮಾಡುವಾಗ ರಸ್ತೆಯೇ ಒಂದಿಷ್ಟು ಜರುಗಿರಬಹುದು, ಬಿಟ್ಟುಹೋದ ಅಂಚನ್ನು ತೋಟದವರು ಸುಮ್ಮನೆ ಬಳಸಿಕೊಂಡಿರಬಹುದು. ಕಣ್ಣಿಗೆ ಕಂಡದ್ದು ಇಷ್ಟು: ರಸ್ತೆಯ ಸಾಮಾನು ಬೇಲಿಯ ಒಳಗಿದೆ, ತೋಟದ ಸಾಮಾನು ಒಂದೂ ಬೇಲಿಯ ಹೊರಗಿಲ್ಲ.

ಜಮೀನಿನ ಒಡೆಯ ರಸ್ತೆ ಬದಿಗೆ ಬೇಲಿ ಹಾಕಲೇಬೇಕು ಎಂಬ ನಿಯಮ ನಮ್ಮಲ್ಲಿಲ್ಲ. ರಸ್ತೆಯವರೂ ಹಾಕಿಕೊಡಬೇಕಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಉದ್ದಕ್ಕೂ ಬೇಲಿ ಕಾಣುತ್ತದಲ್ಲ, ಅದು ದ್ವಿಚಕ್ರ, ದನ, ಜನ ಹೆದ್ದಾರಿಗೆ ನುಗ್ಗದಿರಲಿ ಎಂದು; ಬದಿಯ ಬೆಳೆ ಉಳಿಯಲಿ ಎಂದಲ್ಲ. ಇಂಥ ಹಳ್ಳಿ ರಸ್ತೆಯಲ್ಲಿ ಬೇಲಿ ಬೇಕಾದವನೇ ಹಾಕಬೇಕು. ಬೇಕಾದವನು ಹಾಕುವಾಗ ಕಂಬದ ಗುಂಡಿ ಎಲ್ಲಿ ತೋಡುತ್ತಾನೆ ಎನ್ನುವುದೇ ಪ್ರಶ್ನೆ.

ಮೋರಿ ದಾಟಿ ಹೋದರೆ ಎಡಕ್ಕೊಂದು ಬಾವಿ. ಡಾಂಬರಿನಿಂದ ಹತ್ತು ಹೆಜ್ಜೆ ಇರಬಹುದು. ಕಲ್ಲು ಕಟ್ಟಡದ ಹಳೆಯ ಬಾವಿ, ಕೊಳವೆಬಾವಿ ಬಂದ ಮೇಲೆ ಯಾರಿಗೂ ಬೇಡವಾದದ್ದು. ಬಗ್ಗಿ ನೋಡಿದೆ. ನೀರಿಲ್ಲ, ಒಂದು ಆಲದ ಸಸಿ ಗೋಡೆಯ ಸಂದಿಯಿಂದ ಎದ್ದಿದೆ, ತಳದಲ್ಲಿ ಪ್ಲಾಸ್ಟಿಕ್ ಬಾಟಲಿಗಳು. ಹೊಲದ ಕಡೆಗೆ ಮುಳ್ಳು ಒಟ್ಟಿ ಬೇಲಿ ಮಾಡಿದ್ದಾರೆ, ದನ ಬೀಳದಿರಲಿ ಎಂದು. ರಸ್ತೆಯ ಕಡೆಗೆ ಏನೂ ಇಲ್ಲ. ಕಟ್ಟೆಯ ಕಲ್ಲು ನಾಲ್ಕು ಉಳಿದಿವೆ, ಮಿಕ್ಕವು ಯಾರದೋ ಪಾಯಕ್ಕೆ ಹೋಗಿವೆ.

ವಿಚಿತ್ರವೆಂದರೆ, ನಾನು ನಡೆದ ಈ ದಾರಿಯಲ್ಲಿ ಬೇಲಿ ಹಾಕು ಎಂದು ಕಾನೂನು ಒಡೆಯನಿಗೆ ನೇರವಾಗಿ ಹೇಳಬಹುದಾದ ಜಾಗ ಇದೊಂದೇ. ಸಾರ್ವಜನಿಕ ದಾರಿಯ ಪಕ್ಕದ ಕೆರೆ, ಬಾವಿ, ಗುಂಡಿಗೆ ಅಪಾಯ ತಪ್ಪುವ ಹಾಗೆ ಬೇಲಿ ಹಾಕಿಸಿ ಎಂದು ದಂಡಾಧಿಕಾರಿ ಅಪ್ಪಣೆ ಮಾಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 133ನೇ ಕಲಮು, 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೇದು. ಕೊಳವೆಬಾವಿಗೆ ಮಕ್ಕಳು ಬೀಳುವುದು ಹೆಚ್ಚಾದಾಗ 2010ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ, ಕೊರೆಯುವಾಗ ಸುತ್ತ ಮುಳ್ಳುತಂತಿಯನ್ನೋ ಬೇರೆ ತಡೆಯನ್ನೋ ಹಾಕಲೇಬೇಕು ಎಂದಿತು. ತೋಟದ ಕಡೆ ಕಾನೂನು ಕಣ್ಣೆತ್ತಿ ನೋಡದು, ಗುಂಡಿಯ ಕಡೆ ಮಾತ್ರ ಬೆರಳು ತೋರಿಸುತ್ತದೆ. ಈ ಊರಿನಲ್ಲಿ ಎರಡೂ ತಿರುಗುಮುರುಗಾಗಿದೆ.

ಬಾವಿಯ ಎದುರಿಗೇ ಬಂಡಿದಾರಿ ಒಡೆಯುತ್ತದೆ. ಬಲಕ್ಕೆ ತಿರುಗಿದೆ.

ಗ್ರಾಮ ನಕಾಶೆಯಲ್ಲಿ ಒಂದು ಸಾಲು ಚುಕ್ಕಿ ಇದ್ದರೆ ಕಾಲುದಾರಿ, ಎರಡು ಸಾಲಿದ್ದರೆ ಬಂಡಿದಾರಿ. ಇದಕ್ಕೆ ಎರಡು ಸಾಲಿದೆ. ದಾರಿಯ ಕೊನೆಯಲ್ಲಿ ಜಮೀನಿರುವ ಒಬ್ಬರು ಸರ್ವೆ ಟಿಪ್ಪಣಿಯ ನಕಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡಿದ್ದರು, ತೆಗೆದು ತೋರಿಸಿದರು. ದಾರಿಯ ಅಗಲ ಎಂಟಾಣೆ ಎಂದಿದೆ. ಇಲ್ಲಿ ಆಣೆ ಎಂದರೆ ದುಡ್ಡಲ್ಲ. ಸರ್ವೆ ಸರಪಳಿ 33 ಅಡಿ ಉದ್ದ, ಅದನ್ನು ಹದಿನಾರು ಆಣೆಯಾಗಿ ಭಾಗ ಮಾಡುತ್ತಾರೆ. ಸರಪಳಿ ಉದ್ದ, ಸರಪಳಿ ಅಗಲದ ನೆಲ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆ ಎಕರೆ. ಎಂಟಾಣೆ ಎಂದರೆ ಅರ್ಧ ಸರಪಳಿ, ಹದಿನಾರೂವರೆ ಅಡಿ. ಎತ್ತಿನ ಗಾಡಿಗಳು ಎದುರುಬದುರಾದರೂ ಹಾಯಬಹುದಾದ ಅಗಲ. ನಾನು ಹೆಜ್ಜೆ ಹಾಕಿ ಅಳೆದೆ. ಶುರುವಿನಲ್ಲಿ ಹದಿನಾಲ್ಕಡಿ ಸಿಕ್ಕಿತು, ಮಧ್ಯದಲ್ಲಿ ಒಂಬತ್ತಕ್ಕೆ ಬಂತು. ಹೆಜ್ಜೆಯ ಲೆಕ್ಕ ಅರ್ಧ ಅಡಿ ಆಚೀಚೆ ಆಗುತ್ತದೆ, ಏಳಡಿ ಆಚೀಚೆ ಆಗುವುದಿಲ್ಲ.

ಎಲ್ಲಿ ಹೋಯಿತು ಆ ಏಳಡಿ ಎನ್ನುವುದಕ್ಕೆ ಸಾಕ್ಷಿ ದಾರಿಯ ಎಡಬದಿಯಲ್ಲೇ ನಿಂತಿದೆ. ಕಲ್ಲುಕಂಬದ ಬೇಲಿಯಾಚೆ, ತೋಟದೊಳಗೆ ನಾಲ್ಕೈದಡಿ ದೂರದಲ್ಲಿ, ಕತ್ತಾಳೆಯ ಸಾಲೊಂದು ದಾರಿಗೆ ಸಮಾನಾಂತರವಾಗಿ ಹೋಗುತ್ತದೆ. ತೋಟದ ಒಳಗೆ ಯಾರೂ ಕತ್ತಾಳೆ ಹಾಕುವುದಿಲ್ಲ. ಅದು ಹಳೆಯ ಬೇಲಿ. ಅಲ್ಲಲ್ಲಿ ಹೂಗೋಲು ಎದ್ದು ಒಣಗಿ ಬಿದ್ದಿವೆ, ಬುಡದ ಮರಿಗಳು ಸಾಲನ್ನು ಇನ್ನೂ ಹಿಡಿದಿವೆ. ಕತ್ತಾಳೆಗೂ ಕಂಬಕ್ಕೂ ನಡುವೆ ಒಂದು ಸಾಲು ತೆಂಗು.

ತೆಂಗಿನ ಕಾಂಡದಲ್ಲಿ ಗರಿ ಉದುರಿದ ಪ್ರತಿ ಕಡೆ ಒಂದು ಉಂಗುರದ ಗುರುತು ಉಳಿಯುತ್ತದೆ. ವರ್ಷಕ್ಕೆ ಸುಮಾರು ಹನ್ನೆರಡು ಗರಿ. ತಂತಿಯ ಈಚೆಯಿಂದ ಒಂದು ಮರದ ಉಂಗುರಗಳನ್ನು ಕೈಯೆಟುಕುವಷ್ಟು ಎತ್ತರದ ತನಕ ಎಣಿಸಿ, ಮೇಲಿನದನ್ನು ಅಂದಾಜು ಮಾಡಿದೆ. ನೂರೈವತ್ತರ ಆಸುಪಾಸು. ಅಂದರೆ ಕಾಂಡಕ್ಕೆ ಹನ್ನೆರಡು ಹದಿಮೂರು ವರ್ಷ. ಸಸಿ ನೆಟ್ಟು ಕಾಂಡ ನೆಲ ಬಿಟ್ಟೇಳಲು ಇನ್ನೂ ನಾಲ್ಕೈದು ವರ್ಷ. ನೀರು ಗೊಬ್ಬರ ಚೆನ್ನಾಗಿದ್ದರೆ ಲೆಕ್ಕ ತಪ್ಪುತ್ತದೆ ಎನ್ನುವುದೂ ನಿಜ. ಅಂತೂ ಹದಿನೈದಿಪ್ಪತ್ತು ವರ್ಷದ ಹಿಂದೆ ಈ ಬೇಲಿ ಇಲ್ಲಿಗೆ ನಡೆದುಬಂದಿದೆ. ಎದುರು ಬದಿಯವರೂ ಸುಮ್ಮನಿಲ್ಲ. ಅವರದು ಕಂಬವಲ್ಲ, ಗೊಬ್ಬರದ ಗಿಡದ ಬೇಲಿ. ಸವರದೆ ಬಿಟ್ಟರೆ ವರ್ಷಕ್ಕೆ ಗೇಣು ಗೇಣೇ ದಾರಿಗೆ ಬರುತ್ತದೆ. ಯಾರೂ ಕೈಯಾರೆ ಸರಿಸಿದ ಹಾಗೂ ಕಾಣುವುದಿಲ್ಲ.

ಒಂಬತ್ತಡಿಯ ಆ ಇಕ್ಕಟ್ಟಿನಲ್ಲಿ ಎರಡು ಕಂಬಗಳ ಮೈ ಕೆತ್ತಿಹೋಗಿದೆ. ಟ್ರ್ಯಾಕ್ಟರಿನ ಟ್ರೈಲರ್ ಉಜ್ಜಿದ್ದು, ಕೆಂಪು ಬಣ್ಣ ಕಲ್ಲಿಗೆ ಹತ್ತಿದೆ. ಟ್ರ್ಯಾಕ್ಟರಾದರೂ ಹೋಗುತ್ತದೆ. ರಾಗಿ ಕಟಾವಿನ ಯಂತ್ರ ಹೋಗುವುದಿಲ್ಲ. ಟಿಪ್ಪಣಿ ತೋರಿಸಿದವರ ಹೊಲ ಇದೇ ದಾರಿಯ ಕೊನೆಯಲ್ಲಿದೆ. ಊರಲ್ಲೆಲ್ಲ ಯಂತ್ರ ಕೊಯ್ದು ಮುಗಿಸಿದ ಮೇಲೂ ಅವರ ಮನೆಯಲ್ಲಿ ಆಳು ಹುಡುಕುವುದು, ತೆನೆ ಹೊರುವುದು ನಡೆದೇ ಇರುತ್ತದಂತೆ. "ಜಗಳ ಆಡಿ ಅಂತೀರಾ? ಬೇಲಿ ಒಬ್ಬರದಲ್ಲ, ಏಳು ಮನೆಯವರದ್ದು" ಎಂದರು. ನಕಾಶೆಯಲ್ಲಿ ಕಂಡ ದಾರಿಯಾದ್ದರಿಂದ ತೆರವು ಮಾಡಿಸಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ನಕಾಶೆಯಲ್ಲಿಲ್ಲದ ದಾರಿಯಾಗಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, 1882ರ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ಎಡೆಬಿಡದೆ, ಹಕ್ಕಿನಿಂದ ನಡೆದಾಡಿದ್ದೇವೆ ಎಂದು ರುಜುವಾತು ಮಾಡಬೇಕು. ಅವರ ಕೈಯಲ್ಲಿರುವುದು ಗಟ್ಟಿ ಕಾಗದ. ಅರ್ಜಿ ಮಾತ್ರ ಇನ್ನೂ ಕೊಟ್ಟಿಲ್ಲ. ಏಕೆ ಎಂದು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಆ ಏಳು ಮನೆಯವರೇ ಅವರ ಮನೆಯ ಮದುವೆ ತಿಥಿಗೂ ಬರಬೇಕು.

ಬಂಡಿದಾರಿಯಿಂದ ಬದು ಹತ್ತಿ, ಅಪ್ಪಣೆ ಕೇಳಿಕೊಂಡು ಎರಡು ತೋಟಗಳ ನಡುವಿನ ಗಡಿಯಗುಂಟ ಹೋದೆ. ಇಲ್ಲಿ ನೋಟವೇ ಬೇರೆ. ಕಂಬದ ಹಿಂದೆ ಕಂಬ, ದಾರ ಹಿಡಿದ ಹಾಗೆ ನೇರ. ಮೂಲೆಯಲ್ಲಿ ಬಾಂದುಕಲ್ಲು, ಅದಕ್ಕೆ ಸುಣ್ಣ ಬಳಿದಿದೆ, ಸುತ್ತ ಒಂದು ಮೊಳ ಕಳೆ ಕಿತ್ತು ಚೊಕ್ಕಟ ಮಾಡಿದ್ದಾರೆ. ಎರಡೂ ಕಡೆಯವರು ಅದರ ಮೇಲೆ ಕಣ್ಣಿಟ್ಟಿದ್ದಾರೆ ಎನ್ನುವುದು ಹೇಳದೆಯೇ ತಿಳಿಯುತ್ತದೆ. ಬೇಲಿ ಸರಿಯುವುದು ಬೈಯುವವರಿಲ್ಲದ ಕಡೆಗೆ. ಬಾಜುದಾರ ಬೆಳಿಗ್ಗೆ ಸಂಜೆ ಅಲ್ಲೇ ಓಡಾಡುತ್ತಾನೆ. ರಸ್ತೆಗೆ ಬಾಯಿಲ್ಲ.

ಈ ಕಲ್ಲಿನ ವಿಷಯದಲ್ಲಿ ಕಾನೂನಿಗೆ ಯಾವ ಅನುಮಾನವೂ ಇಲ್ಲ. 1964ರ ಭೂಕಂದಾಯ ಕಾಯ್ದೆಯ ಪ್ರಕಾರ ತನ್ನ ಹಿಡುವಳಿಯ ಗಡಿಗುರುತುಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹಿಡುವಳಿದಾರನ ಹೊಣೆ. ಕಲ್ಲು ಬಿದ್ದು ಅಧಿಕಾರಿಗಳೇ ಸರಿ ಮಾಡಿಸಬೇಕಾದರೆ ಖರ್ಚು ಅವನ ಮೇಲೆ; ಕಿತ್ತರೆ, ಕೆಡಿಸಿದರೆ ದಂಡ. ಕಲ್ಲೇ ಕಾಣೆಯಾದರೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು, ಬಾಜುದಾರರಿಗೆಲ್ಲ ನೋಟಿಸು ಹೋಗಿ, ಸರ್ವೆಯವರು ಟಿಪ್ಪಣಿ ಹಿಡಿದು ಬಂದು ಅಳೆದು ಗುರುತು ಮಾಡಿಕೊಡುತ್ತಾರೆ. ಕಲ್ಲಿಂದ ಕಲ್ಲಿಗೆ ಎಳೆದ ಬೇಲಿಯ ಖರ್ಚನ್ನು ಯಾರು ಎಷ್ಟು ಕೊಡಬೇಕು ಎಂದರೆ ಅಲ್ಲಿ ಉತ್ತರವಿಲ್ಲ. ಅದನ್ನು ಊರು ತಾನೇ ನೋಡಿಕೊಂಡಿದೆ.

ಹೇಗೆ ನೋಡಿಕೊಂಡಿದೆ ಎನ್ನುವುದು ಇದೇ ಗಡಿಯ ಮಧ್ಯದಲ್ಲಿ ಕಾಣುತ್ತದೆ. ಅಲ್ಲಿಯ ತನಕ ಕಲ್ಲುಕಂಬ, ಮುಳ್ಳುತಂತಿ. ಅಲ್ಲಿಂದ ಮುಂದೆ ಸಿಮೆಂಟು ಕಂಬ, ಚೌಕಳಿ ಜಾಲರಿ. ಸೇರುವ ಕಡೆ ಎರಡು ಕಂಬ ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿವೆ. ಖರ್ಚನ್ನು ಸಮ ಮಾಡುವ ಬದಲು ಉದ್ದವನ್ನು ಹಂಚಿಕೊಂಡಿದ್ದಾರೆ: ಪಡುವಲ ಅರ್ಧ ನಿನ್ನದು, ಮೂಡಲ ಅರ್ಧ ನನ್ನದು, ನಿನ್ನ ಅರ್ಧಕ್ಕೆ ನೀನು ಬೇಕಾದ್ದು ಹಾಕು. ದುರಸ್ತಿಯೂ ಹಾಗೆಯೇ. ಬಹಳ ಜಾಣತನದ ಏರ್ಪಾಡು ಅನ್ನಿಸಿತು. ಲೆಕ್ಕಪತ್ರದ ಮಾತೇ ಇಲ್ಲ, ಯಾರು ಸೋಮಾರಿ ಎನ್ನುವುದು ದಾರಿಹೋಕನಿಗೂ ಕಾಣುತ್ತದೆ.

ಎಲ್ಲ ಕಡೆ ಹೀಗಿಲ್ಲ. ತೋಟದ ಪಕ್ಕ ಬರೀ ಖುಷ್ಕಿ ಹೊಲವಿದ್ದರೆ ಹೊಲದವನಿಗೆ ಬೇಲಿ ಬೇಡ. ಸುಗ್ಗಿಯಾದ ಮೇಲೆ ಅವನ ಹೊಲಕ್ಕೆ ಊರ ದನ ಬಂದು ಕೂಳೆ ಮೇಯ್ದರೆ ಅವನಿಗೆ ಗೊಬ್ಬರವೇ ಲಾಭ. ಆಗ ಪೂರ್ತಿ ಖರ್ಚು ತೋಟದವನದು. ಅವನು ಹುಷಾರಿಗೆ ಒಂದಡಿ ಒಳಗೆ ಹಾಕುತ್ತಾನೆ. ಹಾಗೆ ಬಿಟ್ಟ ಒಂದಡಿಯನ್ನೂ ನೋಡಿದೆ. ಲಂಟಾನ ಬೆಳೆದಿದೆ, ಮುಂಗುಸಿಯೊಂದು ನನ್ನನ್ನು ಕಂಡು ಅದರೊಳಗೆ ನುಗ್ಗಿತು. ಅಲ್ಲಲ್ಲಿ ಹೊಲದವನ ನೇಗಿಲು ಮಾತ್ರ ನಿಧಾನವಾಗಿ ಬೇಲಿಯ ಬುಡದ ತನಕ ಬಂದಿದೆ. ಹನ್ನೆರಡು ವರ್ಷ ಹೀಗೇ ಬಹಿರಂಗವಾಗಿ, ತನ್ನದೇ ಎಂಬಂತೆ ಉತ್ತುಕೊಂಡರೆ ಅನುಭೋಗದ ಮೇಲೆ ಹಕ್ಕು ಕೇಳಲು 1963ರ ಕಾಲಮಿತಿ ಕಾಯ್ದೆ ದಾರಿ ಮಾಡುತ್ತದೆ. ಒಳಗೆ ಹಾಕಿದ ಸಜ್ಜನನಿಗೆ ಇದು ಗೊತ್ತಿದೆಯೋ ಇಲ್ಲವೋ. ಇದ್ದ ಬೇಲಿಗಳಲ್ಲಿ ಅತಿ ಎತ್ತರದ್ದು, ಜಾಲರಿಯ ಮೇಲೆ ಹಸಿರು ಪರದೆ ಬೇರೆ ಕಟ್ಟಿದ್ದು, ಪಾಲಾದ ಅಣ್ಣತಮ್ಮಂದಿರದು. ಅಲ್ಲಿ ನಿಲ್ಲದೆ ಮುಂದೆ ಹೋದೆ.

ತೋಟ ದಾಟಿದ ಮೇಲೆ ರಾಗಿ, ಅವರೆ. ಇಲ್ಲಿ ಭಯ ದನದ್ದಲ್ಲ, ಹಂದಿಯದು. ಹಳೆಯ ಸೀರೆಗಳನ್ನು ಗೂಟಕ್ಕೆ ಬಿಗಿದು ಹೊಲದ ಸುತ್ತ ಕಟ್ಟಿದ್ದಾರೆ. ಗಾಳಿಗೆ ಆಡುತ್ತವೆ, ರಾತ್ರಿ ಹಂದಿ ಹೆದರುತ್ತದೆ ಎನ್ನುತ್ತಾರೆ. ಹೆದರುತ್ತದೆಯೇ ಎಂದು ಕೇಳಿದರೆ, "ಮೊದಲ ವಾರ" ಎಂದರು. ಒಂದು ಹೊಲಕ್ಕೆ ಸೌರ ಬೇಲಿಯಿದೆ. ಮರದ ಕೆಳಗೆ ಬ್ಯಾಟರಿ ಪೆಟ್ಟಿಗೆ, ಸೆಕೆಂಡಿಗೊಮ್ಮೆ ಟಕ್ ಎನ್ನುತ್ತದೆ. ಆ ಬಿಡುವೇ ಅದರ ಮರ್ಮ: ಕ್ಷಣಮಾತ್ರದ ಹೊಡೆತ, ಮತ್ತೆ ಬಿಡುವು, ಮುಟ್ಟಿದ ಪ್ರಾಣಿ ಕಿತ್ತುಕೊಂಡು ಓಡಲು ಸಮಯ. ಮನೆಯ 230 ವೋಲ್ಟನ್ನು ನೇರ ತಂತಿಗೆ ಕೊಟ್ಟರೆ ಆ ಬಿಡುವು ಇರುವುದಿಲ್ಲ, ಹಿಡಿದದ್ದು ಹಿಡಿದ ಹಾಗೆಯೇ. ಅದು ಬೇಲಿಯಲ್ಲ, ಅಪರಾಧ. ಸತ್ತದ್ದು ಹಂದಿಯಾದರೂ ಆನೆಯಾದರೂ, ಬೆಳಗಿನ ಜಾವ ನೀರು ತಿರುಗಿಸಲು ಹೋದ ಪಕ್ಕದ ಹೊಲದವನಾದರೂ ಹೊಣೆ ತಂತಿ ಕಟ್ಟಿದವನದೇ. ಸೌರ ಬೇಲಿಯವರು ಎಚ್ಚರಿಕೆಯ ಹಳದಿ ಫಲಕ ಹಾಕಿದ್ದಾರೆ, ಹೊಲದೊಳಗೆ ಮುಖ ಮಾಡಿ. ದಾರಿಯಲ್ಲಿ ಬರುವವನಿಗೆ ಅದರ ಬೆನ್ನು ಕಾಣುತ್ತದೆ.

ಇಳಿಜಾರಿನ ಕೊನೆಗೆ ಹಳ್ಳ. ಪಹಣಿಯ ಮೂರನೇ ಅಂಕಣದಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬು ಕಳೆದು ಉಳಿದದ್ದನ್ನು ತೋರಿಸುತ್ತಾರಲ್ಲ, ಅದರಲ್ಲಿ ‘ಅ’ ಖರಾಬು ಸಾಗುವಳಿಗೆ ಬಾರದ ನೆಲ, ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ನೆಲ. ಆದರೂ ಈ ಹಳ್ಳಕ್ಕೆ ಅಡ್ಡಲಾಗಿ ತಂತಿ ಎಳೆದಿದ್ದಾರೆ. ಮಳೆಗಾಲದಲ್ಲಿ ಕೊಚ್ಚಿಕೊಂಡು ಬಂದ ಸೋಗೆ, ಚೀಲ ತಂತಿಗೆ ತೋರಣದ ಹಾಗೆ ನೇತಿವೆ. ಕುರಿಗಳು ತಂತಿಯಡಿ ನುಸುಳಿ ಮಾಡಿಕೊಂಡ ಕಂಡಿಯಿಂದಲೇ ನಾನೂ ಆಚೆಗೆ ದಾಟಿದೆ.

ಅಲ್ಲಿಂದ ಗೋಮಾಳದ ಅಂಚು ಹಿಡಿದು ಊರಿಗೆ ವಾಪಸು ಬರುವಾಗ ದೊಡ್ಡಿ ಸಿಗುತ್ತದೆ. ಎದೆಮಟ್ಟದ ಕಲ್ಲುಗೋಡೆಯ ಚೌಕ, ಬಾಗಿಲಿಲ್ಲ, ಒಳಗೆ ಯಾರೋ ಹಳೆಯ ಹೆಂಚು ಪೇರಿಸಿದ್ದಾರೆ. ಬೇಲಿಯ ಕತೆಯಲ್ಲಿ ಇದಕ್ಕೆ ದೊಡ್ಡ ಪಾತ್ರವಿತ್ತು. 1871ರ ಜಾನುವಾರು ಅತಿಕ್ರಮ ಕಾಯ್ದೆ ಬೆಳೆಗಾರನಿಗೆ ಬೇಲಿ ಹಾಕು ಎನ್ನಲಿಲ್ಲ. ಬೆಳೆಗೆ ನುಗ್ಗಿ ಹಾಳು ಮಾಡಿದ ದನವನ್ನು ಹಿಡಿ, ಇಪ್ಪತ್ನಾಲ್ಕು ಗಂಟೆಯೊಳಗೆ ದೊಡ್ಡಿಗೆ ಹೊಡೆ ಎಂದಿತು. ದಂಡ, ಮೇವಿನ ಖರ್ಚು ಕಟ್ಟಿ ಬಿಡಿಸಿಕೊಂಡು ಹೋಗುವುದು ಯಜಮಾನನ ಪಾಡು. ರಸ್ತೆಯ ಏರಿ, ಬದಿ ಕೆಡಿಸುವ ದನವನ್ನು ಹಿಡಿಯುವ ಅಧಿಕಾರ ರಸ್ತೆ ನೋಡಿಕೊಳ್ಳುವವರಿಗೂ ಇತ್ತು. ದನ ಹಿಡಿದ ಮನೆಗೂ ಬಿಡಿಸಿದ ಮನೆಗೂ ತಲೆಮಾರು ಮಾತಿಲ್ಲದಂತಾದ ಕತೆಗಳು ಇಲ್ಲಿ ಹಲವು ಸಿಗುತ್ತವೆ. ಈಗ ಬಿಡಾಡಿ ದನ ಕಡಿಮೆ, ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಸೀಮೆಹಸು ಹೆಚ್ಚು. ದನ ಕಡಿಮೆಯಾದ ಮೇಲೂ ಬೇಲಿ ಹೆಚ್ಚಾದದ್ದೇಕೆ ಎಂಬುದಕ್ಕೆ ನನಗೆ ತೋಚುವುದು, ಅದು ಈಗ ಬಾಯಿಯನ್ನು ತಡೆಯಲು ಹಾಕುವುದಲ್ಲ, ನೆಲವನ್ನು ಹಿಡಿಯಲು ಹಾಕುವುದು. ಇದನ್ನು ದೊಡ್ಡಿಯ ಮುಂದೆ ಕುಳಿತಿದ್ದವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಎಳನೀರು ಕೀಳೋರ ಕಾಟಕ್ಕೆ" ಎಂದರು. ಅದೂ ಇರಬಹುದು.

ಊರಿನ ಇನ್ನೊಂದು ತುದಿಯಲ್ಲಿ ಮತ್ತೆ ಅದೇ ಜಿಲ್ಲಾ ರಸ್ತೆಗೆ ಬಂದು ಸೇರಿದೆ. ಈ ಭಾಗವನ್ನು ಅಗಲ ಮಾಡುತ್ತಾರೆ ಎಂಬ ಮಾತು ಬಹಳ ಕಾಲದಿಂದ ಇದೆ. ಯಾರೋ ಅಳೆದು ಹೋದ ಗುರುತು, ಕೆಂಪು ಬಣ್ಣದ ಬಾಣಗಳು, ಕೆಲವು ಮೋರಿಯ ಮೇಲೆ, ಕೆಲವು ತೋಟದೊಳಗಿನ ತೆಂಗಿನ ಮರದ ಮೇಲೆ. ಒಬ್ಬರು ತಮ್ಮ ಬೇಲಿಯಗುಂಟ ಕಂಬ ಎಣಿಸುತ್ತಾ ಬರುತ್ತಿದ್ದರು. ಹೊಸ ಬೇಲಿ, ತಂತಿಯ ಸುರುಳಿ ಇನ್ನೂ ಪಕ್ಕದಲ್ಲಿ ಬಿದ್ದಿತ್ತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ನೆಲಕ್ಕೆ ಮಾತ್ರವಲ್ಲ, ನೆಲಕ್ಕೆ ಅಂಟಿಕೊಂಡ ಮರ, ಕಟ್ಟಡಕ್ಕೂ ಬೆಲೆ ಕಟ್ಟುತ್ತಾರೆ. ಆದರೆ ನೆಲ ಅವರದ್ದಾಗಿರಬೇಕು. ಕಂಬ ನಿಂತದ್ದು ರಸ್ತೆಯದೇ ನೆಲದಲ್ಲಾದರೆ ಪರಿಹಾರವಿರಲಿ, ಕಿತ್ತುಕೊಳ್ಳಿ ಎಂಬ ನೋಟಿಸು ಬರುತ್ತದೆ.

ಅವರಿಗೂ ಅದೇ ಚಿಂತೆ. ಎಷ್ಟು ಕಂಬ ಒಳಗೆ, ಎಷ್ಟು ಹೊರಗೆ ಎಂದು ನನ್ನನ್ನೇ ಕೇಳಿದರು, ಅವರೂ ನನ್ನನ್ನು ಸರ್ವೆಯವನೆಂದೇ ತಿಳಿದಿದ್ದರೋ ಏನೋ. ಬಾಂದುಕಲ್ಲು ಎಲ್ಲಿ ಎಂದೆ. ಅಪ್ಪನ ಕಾಲದಲ್ಲಿತ್ತು, ಜೆಸಿಬಿ ಬಂದಾಗ ಹೋಯಿತು ಎಂದರು. ಕ್ರಯಪತ್ರ ಮನೆಯಿಂದ ತರಿಸಿ ತೋರಿಸಿದರು. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ‘ಸರ್ಕಾರಿ ರಸ್ತೆ’ ಎಂದು ಬರೆದಿದೆ, ಎಷ್ಟು ಅಗಲದ ರಸ್ತೆ ಎಂದಿಲ್ಲ. ಹದ್ದುಬಸ್ತಿಗೆ ಅರ್ಜಿ ಕೊಟ್ಟಿದ್ದಾರಂತೆ. ಸರ್ವೆಯವರು ಬಂದು ಹೋಗುವ ತನಕ ತಂತಿ ಬಿಗಿಯುವುದು ಬೇಡವೆಂದು ಆಳುಗಳನ್ನು ವಾಪಸು ಕಳಿಸಿದ್ದಾರೆ.